ಬಾವಾ ತುಂಬಿಸಿದ ಬೆಂಗಳೂರು ಚೀಟಿ

ವಿಮಾನದ ವಿಷಯದಲ್ಲಿ ಫರಂಗಿಪೇಟೆಯ ಬಾವಾನನ್ನು ಮೀರಿಸಿದವರು ನಮ್ಮ ಕಡೆ ಇರಲಿಲ್ಲ. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ, ಅತ್ತ ಮೂಡುಬಿದಿರೆ, ಬೆಳುವಾಯಿಯವರೆಗೆ ಯಾರ ಮನೆಗೆ ಗಲ್ಫಿನ ವೀಸಾ ಬಂದರೂ ಸುದ್ದಿ ಮೊದಲು ನೆಂಟರಿಗೆ ಮುಟ್ಟುತ್ತಿತ್ತು, ಅದರ ಬೆನ್ನಿಗೇ ಬಾವಾನಿಗೆ. ಬಜ್ಪೆಯ ವಿಮಾನ ನಿಲ್ದಾಣಕ್ಕೆ ಹೋಗಲು ಬಾಡಿಗೆ ಕಾರುಗಳು ಬೇಕಾದಷ್ಟು ಇದ್ದವು. ಆದರೆ ಬಾವಾನ ಬಿಳಿ ಓಮ್ನಿಯಲ್ಲಿ ಹೋದರೆ ದಾರಿಯುದ್ದಕ್ಕೂ ಪಾಠ ಸಿಗುತ್ತಿತ್ತು, ಅದೂ ಪುಕ್ಕಟೆ.

ಪಾಠ ಪೊಳಲಿ ದಾಟಿದ ಮೇಲೆ ಶುರುವಾಗುತ್ತಿತ್ತು. ಅಲ್ಲಿಯವರೆಗೆ ಅಳುವವರು ಅತ್ತು ಮುಗಿಸಲಿ ಎಂದು ಬಾವಾ ಸುಮ್ಮನಿರುತ್ತಿದ್ದ. ಆಮೇಲೆ ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿಕೊಂಡು, ಒಂದು ಸಲ ಗಂಟಲು ಸರಿಮಾಡಿಕೊಂಡು ಹೇಳತೊಡಗುತ್ತಿದ್ದ. "ಮೇಲೆ ಹೋಗುವಾಗ ಕಿವಿ ಮುಚ್ಚಿಕೊಳ್ತದೆ, ಹೆದರಬೇಡಿ. ಪೆಪ್ಪರ್‌ಮಿಂಟು ಬಾಯಿಗೆ ಹಾಕಿ, ಎಂಜಲು ನುಂಗ್ತಾ ಇರಿ. ಕಿಟಕಿಯಿಂದ ನೋಡುವಾಗ ರೆಕ್ಕೆ ಅಲ್ಲಾಡ್ತದೆ. ಅದು ಅಲ್ಲಾಡಲೇ ಬೇಕು. ಮತ್ತೂ ಹೆದರಿಕೆ ಆದರೆ ನೀರು ಕೊಡುವ ಆ ಹುಡುಗಿಯ ಮುಖ ನೋಡಿ. ಅವಳು ನಗ್ತಾ ಇದ್ದಾಳೆ ಅಂದರೆ ಏನೂ ಆಗಿಲ್ಲ ಅಂತ ಲೆಕ್ಕ." ಇಷ್ಟು ಹೇಳುವಾಗ ಕೈಕಂಬ ಬರುತ್ತಿತ್ತು. ಅಲ್ಲಿಂದ ಮುಂದೆ ಚೀಟಿಯ ಕೆಲಸ. ದೇಶ ಬಿಟ್ಟು ಹೋಗುವವರು ಹೆಸರು, ಪಾಸ್‌ಪೋರ್ಟ್ ನಂಬ್ರ, ಹೋಗುವ ಊರು ಎಲ್ಲ ತುಂಬಿಸಿ ಕೊಡಬೇಕಾದ ಒಂದು ಚೀಟಿ ಉಂಟಲ್ಲ, ಅದರ ಖಾಲಿ ಕಟ್ಟೊಂದು ಬಾವಾನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಯಾವಾಗಲೂ ಇರುತ್ತಿತ್ತು. ಬಜ್ಪೆಯಿಂದಲೇ ನೇರ ದುಬೈಗೆ ವಿಮಾನ ಹಾರತೊಡಗಿದ ಮೇಲೆ ಅವನು ಅಂತಹ ಚೀಟಿಗಳನ್ನು ನೂರಾರು ತುಂಬಿಸಿದ್ದ. ಗಾಡಿಯನ್ನು ಬದಿಗೆ ನಿಲ್ಲಿಸಿ, ಸ್ಟೇರಿಂಗಿನ ಮೇಲೆ ಚೀಟಿ ಇಟ್ಟುಕೊಂಡು, ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದ.

ಇಷ್ಟೆಲ್ಲ ತಿಳಿದ ಬಾವಾ ಒಂದೇ ಒಂದು ಸಲವೂ ವಿಮಾನ ಹತ್ತಿರಲಿಲ್ಲ.

ಅವನು ಸುಳ್ಳು ಹೇಳಿದವನಲ್ಲ. ಅದನ್ನು ಇಲ್ಲಿಯೇ ಸ್ಪಷ್ಟ ಮಾಡಿಬಿಡುವುದು ಒಳ್ಳೆಯದು. ತೊಂಬತ್ತನೆಯ ಇಸವಿಯಲ್ಲಿ ಬಜ್ಪೆಯಿಂದ ಅವನು ಕರೆತಂದ ಮೊದಲ ಗಿರಾಕಿ ಮಹಮ್ಮದ್ ಕುಂಞಿ, ಸೌದಿಯಿಂದ ಬೊಂಬಾಯಿ ಮೇಲೆ ಬಂದವರು, ಊರು ಮುಟ್ಟುವವರೆಗೆ ಬಾಯಿ ಮುಚ್ಚಲಿಲ್ಲ. ಕಿವಿ, ರೆಕ್ಕೆ, ಹುಡುಗಿಯ ಮುಖ, ಎಲ್ಲ ಅವರದೇ ಮಾತು. ಅದಾಗಿ ಎರಡು ದಿನಕ್ಕೆ ಮನೆಯಲ್ಲಿ ಹಸುಗೂಸನ್ನು ಬಿಟ್ಟು ಹೊರಟ, ಇಪ್ಪತ್ತನಾಲ್ಕರ ಹರೆಯದ ಉಸ್ಮಾನ್ ಎಂಬ ಹುಡುಗನನ್ನು ಅದೇ ಬಜ್ಪೆಗೆ ಬಿಡಲು ಹೋಗುವಾಗ ಹುಡುಗ ಗಡಗಡ ನಡುಗುತ್ತಿದ್ದ. ನೋಡಲಾಗದೆ ಬಾವಾ ಕುಂಞಿಯವರ ಮಾತನ್ನೇ ಸ್ವಲ್ಪ ಗಂಭೀರ ದನಿಯಲ್ಲಿ ಹೇಳಿದ. ಹುಡುಗನ ನಡುಕ ನಿಂತಿತು. "ಬಾವಾಕ, ನೀವು ಎಷ್ಟು ಸಲ ಹೋಗಿದ್ದೀರಿ?" ಎಂದು ಅವನು ಕೇಳಿದ್ದರೆ ಬಾವಾ ನಿಜ ಹೇಳುತ್ತಿದ್ದನೋ ಏನೋ. ಅವನು ಕೇಳಲಿಲ್ಲ. ಆಮೇಲೆ ಯಾರೂ ಕೇಳಲಿಲ್ಲ. ಬರುವವರು ಹೇಳಿದ್ದನ್ನು ಹೋಗುವವರಿಗೆ ದಾಟಿಸುತ್ತಾ ದಾಟಿಸುತ್ತಾ ಬಾವಾ ಪಂಡಿತನಾದ. ಒಳಗೆ ಹೋಗುವ ಗಾಜಿನ ಬಾಗಿಲು ಅವನ ಸರಹದ್ದು. ಅಲ್ಲಿ ಪೆಟ್ಟಿಗೆ ಇಳಿಸಿ, ಸಲಾಂ ಹೇಳಿ, ಹಿಂದೆ ತಿರುಗುತ್ತಿದ್ದ.

ನಿಜ ಗೊತ್ತಿದ್ದದ್ದು ಹೆಂಡತಿ ಬೀಪಾತುಮ್ಮನಿಗೆ ಮಾತ್ರ. "ನಿಮ್ಮ ವಿಮಾನ ಒಂದಲ್ಲ ಒಂದು ದಿನ ಕೆಳಗೆ ಇಳಿಯಲಿಕ್ಕುಂಟು" ಎಂದು ಅವಳು ಆಗಾಗ ಕುಟುಕುತ್ತಿದ್ದಳು. ಬಾವಾ ಕೇಳಿಸದವನಂತೆ ಓಮ್ನಿ ಒರೆಸಲು ಹೋಗುತ್ತಿದ್ದ.

ಆ ದಿನ ಬಂದದ್ದು ಎರಡು ಸಾವಿರದ ಎಂಟರಲ್ಲಿ, ವಾಮದಪದವಿನ ಸೇಸಮ್ಮನ ದೆಸೆಯಿಂದ.

ಸೇಸಮ್ಮನಿಗೆ ಎಪ್ಪತ್ತೆರಡು. ಮಗಳು ಪ್ರೇಮಾವತಿ ಬೆಂಗಳೂರಿನಲ್ಲಿ ಗಂಡನ ಜೊತೆ ಹನ್ನೊಂದು ವರ್ಷ ಬೇರೆಯವರ ಹೋಟೆಲಿನಲ್ಲಿ ದುಡಿದು, ಈಗ ಸ್ವಂತದ್ದೊಂದನ್ನು ಸುರು ಮಾಡುವವಳಿದ್ದಳು. ಮೊದಲ ದಿನ ಒಲೆ ಹಚ್ಚಿ ಹಾಲು ಉಕ್ಕಿಸುವುದು ಅಮ್ಮನೇ ಆಗಬೇಕು ಎಂದು ಅವಳ ಹಟ. ಆದರೆ ಸೇಸಮ್ಮನಿಗೆ ಶಿರಾಡಿ ಘಾಟಿ ಆಗದು. ಗುಂಡ್ಯ ಸಿಕ್ಕುವ ಮೊದಲೇ ಹೊಟ್ಟೆ ತೊಳಸಿ, ಸಕಲೇಶಪುರಕ್ಕೆ ಮುಟ್ಟುವಾಗ ಮನುಷ್ಯರಾಗಿ ಉಳಿಯುತ್ತಿರಲಿಲ್ಲ. ಹಾಗಾಗಿ ಮಗಳು ಹೋದ ಹನ್ನೊಂದು ವರ್ಷದಲ್ಲಿ ಅವರು ಒಮ್ಮೆಯೂ ಅವಳ ಮನೆಯ ಹೊಸ್ತಿಲು ತುಳಿದಿರಲಿಲ್ಲ. ವಿಮಾನದ ಮಾತು ಬಂದಾಗ ಮೊದಲು ಆಗುವುದೇ ಇಲ್ಲ ಎಂದರು. ನಾಲ್ಕು ದಿನ ಬಿಟ್ಟು ಒಂದು ಷರತ್ತು ಹಾಕಿದರು.

ಆ ಷರತ್ತನ್ನು ಹೊತ್ತುಕೊಂಡು ಮಗ ಶೇಖರ ಫರಂಗಿಪೇಟೆಗೆ ಬಂದ.

"ಬಾವಾಕ, ನನಗೆ ಹೋಟೆಲಿನ ಪಾತ್ರೆಗಳ ಲಾರಿಯಲ್ಲಿ ಎರಡು ದಿನ ಮೊದಲೇ ಹೋಗಲಿಕ್ಕುಂಟು. ಅಮ್ಮ ಹೇಳ್ತಾರೆ, ಬಾವಾ ಪಕ್ಕದಲ್ಲಿ ಕೂತರೆ ಮಾತ್ರ ಹತ್ತುವುದು, ಇಲ್ಲದಿದ್ದರೆ ಇಲ್ಲ ಅಂತ. ನಿಮಗೂ ಸೇರಿಸಿ ಟಿಕೆಟ್ ಮಾಡಿ ಆಗಿದೆ. ನಿಮಗೇನು, ನೀರು ಕುಡಿದ ಹಾಗೆ ಅಲ್ಲವಾ?"

ಬಾವಾ ಈಗಲಾದರೂ ಹೇಳಿಬಿಡಬಹುದಿತ್ತು. ಹೇಳಿದರೆ ಹದಿನೆಂಟು ವರ್ಷದ ಹೆಸರು ಒಂದೇ ಮಧ್ಯಾಹ್ನಕ್ಕೆ ಮಣ್ಣುಪಾಲು. ಅದು ಹೋಗಲಿ ಎಂದರೂ ಸೇಸಮ್ಮ ವಿಮಾನ ಹತ್ತುವುದಿಲ್ಲ, ಪ್ರೇಮಾವತಿಯ ಒಲೆ ಅಮ್ಮನ ಕೈಯಿಂದ ಹತ್ತುವುದಿಲ್ಲ. ಬಾಗಿಲ ಮರೆಯಲ್ಲಿ ನಿಂತ ಬೀಪಾತುಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

"ಅದಕ್ಕೇನು, ಹೋಗುವ" ಎಂದ ಬಾವಾ.

ಹೊರಡುವ ದಿನ ವಿಮಾನ ಹನ್ನೊಂದು ಗಂಟೆಗೆ. ಬಾವಾ ಏಳಕ್ಕೇ ವಾಮದಪದವಿಗೆ ಹೋಗಿ ಸೇಸಮ್ಮನನ್ನು ಹತ್ತಿಸಿಕೊಂಡ. ಅವರು ಹಸಿರು ಅಂಚಿನ ಹೊಸ ಸೀರೆ ಉಟ್ಟು, ಅಕ್ಕಿ ರೊಟ್ಟಿಯ ಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು, ಮುಂದಿನ ಸೀಟಿನಲ್ಲಿ ನೆಟ್ಟಗೆ ಕುಳಿತರು. ಪೊಳಲಿ ದಾಟಿತು. ಬಾವಾ ಗಂಟಲು ಸರಿಮಾಡಿಕೊಂಡು ಪಾಠ ಶುರುಮಾಡಿದ. ಆ ಮಾತುಗಳನ್ನು ಅಷ್ಟು ಶ್ರದ್ಧೆಯಿಂದ ಕೇಳಿದವರು ಹಿಂದೆ ಯಾರೂ ಇರಲಿಲ್ಲ. ಸೇಸಮ್ಮ ಒಂದೊಂದಕ್ಕೂ ಬೆರಳು ಮಡಚುತ್ತಿದ್ದರು. ಬಾವಾ ಅವರಿಗಾಗಿ ಹೇಳುತ್ತಿದ್ದನೋ ತನಗಾಗಿಯೋ, ಅವನಿಗೇ ಗೊತ್ತಾಗಲಿಲ್ಲ.

ಕೈಕಂಬದಲ್ಲಿ ಗಾಡಿ ನಿಂತಿತು. ಅಭ್ಯಾಸ ಬಿಡಬೇಕಲ್ಲ! ಪೆಟ್ಟಿಗೆಯಿಂದ ಎರಡು ಚೀಟಿ ತೆಗೆದು ಬಾವಾ ಬರೆಯಲು ಕುಳಿತ. ವಿಮಾನ ಅಂದ ಮೇಲೆ ಚೀಟಿ ಇರಲೇಬೇಕು ಎಂಬುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ. ಪಾಸ್‌ಪೋರ್ಟ್ ನಂಬ್ರದ ಜಾಗದಲ್ಲಿ ಪೆನ್ನು ಒಂದು ಕ್ಷಣ ತಡೆಯಿತು. ಇಬ್ಬರಿಗೂ ಪಾಸ್‌ಪೋರ್ಟ್ ಇಲ್ಲ. ಮತದಾರರ ಕಾರ್ಡಿನ ನಂಬ್ರ ಬರೆದ. ಹೋಗುವ ಊರು, ಬೆಂಗಳೂರು. ಪ್ರಯಾಣದ ಉದ್ದೇಶ ಎಂಬಲ್ಲಿ ಗಲ್ಫಿನವರಿಗೆಲ್ಲ ಉದ್ಯೋಗ ಎಂದು ಬರೆದು ರೂಢಿ. ಇವರಿಗೆ ಏನು ಬರೆಯುವುದು? ಯೋಚಿಸಿ, ದೊಡ್ಡಕ್ಷರದಲ್ಲಿ "ಮಿಲ್ಕ್ ಬಾಯ್ಲಿಂಗ್" ಎಂದು ಬರೆದ. ತನ್ನ ಚೀಟಿಯಲ್ಲಿ "ಮಿಲ್ಕ್ ಬಾಯ್ಲಿಂಗ್, ಹೆಲ್ಪರ್" ಎಂದು ಬರೆದ.

ಬಜ್ಪೆಯಲ್ಲಿ ಸಾಮಾನು ಹೊರುವ ಧರ್ಣಪ್ಪ ಬಾವಾನ ಹಳೆಯ ಪರಿಚಯ. ಓಮ್ನಿಯ ಕೀ ಅವನ ಕೈಗೆ ಕೊಟ್ಟು ಬಾವಾ ಮೆಲ್ಲಗೆ, "ಎರಡು ದಿನ ನೋಡಿಕೋ ಮಾರಾಯ, ನಾನು ಬೆಂಗಳೂರಿಗೆ ಹೋಗಿ ಬರ್ತೇನೆ" ಎಂದ. ಧರ್ಣಪ್ಪನಿಗೆ ಮೆಲ್ಲಗೆ ಎಂಬ ಶಬ್ದವೇ ಗೊತ್ತಿರಲಿಲ್ಲ.

"ಏನು, ನೀವೂ ಒಳಗೆ ಹೋಗುವುದಾ? ಇಷ್ಟು ವರ್ಷದಲ್ಲಿ ನೀವು ಈ ಬಾಗಿಲು ದಾಟಿದ್ದನ್ನು ನಾನು ನೋಡಿದವನೇ ಅಲ್ಲ!"

ಬಾವಾ ಜೋರಾಗಿ ಕೆಮ್ಮಿದ. ಓರೆಗಣ್ಣಿನಲ್ಲಿ ನೋಡಿದರೆ ಸೇಸಮ್ಮ ಗೋಡೆಯ ಮೇಲಿನ ದೊಡ್ಡ ಗಡಿಯಾರವನ್ನೇ ನೋಡುತ್ತಿದ್ದರು. ಕೇಳಿಸಿದ ಹಾಗಿಲ್ಲ. ಬದುಕಿದೆ ಎಂದುಕೊಂಡು ಅವನು ಅವರ ಕೈ ಹಿಡಿದು ಗಾಜಿನ ಬಾಗಿಲು ದಾಟಿದ.

ದಾಟಿದ್ದೇ ತಡ, ದಿಕ್ಕು ತಪ್ಪಿತು. ಹೊರಗಿನಿಂದ ಕಾಣುತ್ತಿದ್ದದ್ದು ಒಂದು ಸಾಲು. ಒಳಗೆ ನೋಡಿದರೆ ನಾಲ್ಕು. ಯಾವುದರಲ್ಲಿ ನಿಲ್ಲುವುದು? ನಿಂತು ಯೋಚಿಸಿದರೆ ಮರ್ಯಾದೆ ಹೋಗುತ್ತದೆ ಎಂದು ಬಾವಾ ಯಾವ ಸಾಲೂ ಇಲ್ಲದ ಕಡೆಗೆ ದಾಪುಗಾಲು ಹಾಕಿದ. ಅಲ್ಲಿ ಮೇಜಿನ ಹಿಂದೆ ಪಾಸ್‌ಪೋರ್ಟ್ ನೋಡುವ ಒಬ್ಬ ಅಧಿಕಾರಿ ಕುಳಿತು ಪೇಪರು ಓದುತ್ತಿದ್ದರು. ದುಬೈ ವಿಮಾನ ಸಂಜೆಗೆ. ಅಲ್ಲಿಯವರೆಗೆ ಅವರಿಗೆ ಬೇರೆ ಕೆಲಸವಿರಲಿಲ್ಲ. ಬಾವಾ ಎರಡೂ ಚೀಟಿಗಳನ್ನು ಅವರ ಮುಂದಿಟ್ಟು, ಸೇಸಮ್ಮನ ಕಡೆ ತಿರುಗಿ ಎಲ್ಲ ಮಾಮೂಲಿ ಎಂಬಂತೆ ತಲೆಯಾಡಿಸಿದ.

ಅಧಿಕಾರಿ ಓದಿದರು. ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದರು.

"ಯಜಮಾನ್ರೇ, ಬೆಂಗಳೂರಿಗೆ ಹೋಗೋಕೆ ಈ ಚೀಟಿ ಯಾಕೆ? ಅದು ಸದ್ಯಕ್ಕೆ ನಮ್ಮ ದೇಶದಲ್ಲೇ ಇದೆ."

ಬಾವಾನ ಬೆನ್ನಲ್ಲಿ ಬೆವರು ಇಳಿಯಿತು. ಅಧಿಕಾರಿಯ ಕಣ್ಣು ಬಾವಾನ ಮುಖದಿಂದ, ರೊಟ್ಟಿಯ ಕಟ್ಟನ್ನು ಎದೆಗೊತ್ತಿಕೊಂಡು ನಿಂತ ಅಜ್ಜಿಯ ಕಡೆಗೆ ಹೋಗಿ ಹಿಂದೆ ಬಂತು. ಏನು ಅರ್ಥವಾಯಿತೋ, ಅವರು ಚೀಟಿಗಳನ್ನು ನೀಟಾಗಿ ಜೋಡಿಸಿ ವಾಪಸು ಕೊಟ್ಟರು. "ಇಷ್ಟು ಚೆನ್ನಾಗಿ ತುಂಬಿದ ಚೀಟಿ ನಾನು ನೋಡೇ ಇಲ್ಲ. ಇಲ್ಲಿ ಕೆಲಸ ಮುಗೀತು, ಆ ಬಲಗಡೆ ಸಾಲಲ್ಲಿ ನಿಂತ್ಕೊಳ್ಳಿ" ಎಂದು ಬೆರಳು ತೋರಿಸಿದರು. ಪುಣ್ಯಾತ್ಮರು. ಅವರ ಹೆಸರು ಬಾವಾನಿಗೆ ಕೊನೆಗೂ ಗೊತ್ತಾಗಲಿಲ್ಲ.

"ಪಾಸಾಯಿತಾ?" ಎಂದರು ಸೇಸಮ್ಮ.

"ಆಗದೆ? ನನ್ನ ಅಕ್ಷರ ನೋಡಿದ ಮೇಲೆ ಮುಗಿಯಿತು."

ಸೇಸಮ್ಮ ಎರಡೂ ಚೀಟಿಗಳನ್ನು ಅವನ ಕೈಯಿಂದ ತೆಗೆದುಕೊಂಡು ತಮ್ಮ ಚೀಲಕ್ಕೆ ಹಾಕಿಕೊಂಡರು.

ಹೊರಗೆ ಬಯಲಿನಲ್ಲಿ ನಿಂತ ವಿಮಾನ ನೋಡಿ ಬಾವಾ ನಿರಾಶನಾದ. ಹದಿನೆಂಟು ವರ್ಷ ವರ್ಣಿಸಿದ್ದು ದೊಡ್ಡ ವಿಮಾನವನ್ನು. ಇದು ಪುಟ್ಟದು, ತೆಳ್ಳಗೆ, ಸೌತೆಕಾಯಿಯ ಹಾಗೆ. ಹೊಸ ಬಣ್ಣದ ಅಡಿಯಿಂದ ಹಳೆಯ ಕಂಪನಿಯ ಹೆಸರು ಇಣುಕುತ್ತಿತ್ತು. ಸೆಕೆಂಡ್‌ಹ್ಯಾಂಡ್ ಗಾಡಿಗೆ ಬಣ್ಣ ಹೊಡೆಸಿ ಮಾರುವ ವಿದ್ಯೆ ಬಾವಾನಿಗೆ ಚೆನ್ನಾಗಿ ಗೊತ್ತಿತ್ತು. ಮೆಟ್ಟಿಲು ಹತ್ತಿ ಒಳಗೆ ಹೋದರೆ ಆಚೆ ಎರಡು, ಈಚೆ ಎರಡು ಸೀಟು. ಕೈ ಇಡುವಲ್ಲಿ ಸಿಗರೇಟಿನ ಬೂದಿ ಹಾಕುವ ಪುಟ್ಟ ಡಬ್ಬಿ, ಅದರ ಮುಚ್ಚಳಕ್ಕೆ ಗೋಂದು ಹಾಕಿ ಅಂಟಿಸಿದ್ದರು. ಸಿಗರೇಟು ಸೇದಲು ಬಿಡುತ್ತಿದ್ದ ಕಾಲದ ಗಾಡಿ ಅಂದರೆ ಎಷ್ಟು ಹಳತು? ಬಾವಾ ಮನಸ್ಸಿನಲ್ಲೇ ಮಾಡೆಲ್ ಇಸವಿ ಲೆಕ್ಕ ಹಾಕಿ, ಅರ್ಧದಲ್ಲೇ ಬಿಟ್ಟುಬಿಟ್ಟ.

ಬೆಲ್ಟು ಅವನ ಹೊಟ್ಟೆಗೆ ಸಾಲಲಿಲ್ಲ. ಉಸಿರು ಒಳಗೆಳೆದುಕೊಂಡ, ಆಗಲಿಲ್ಲ. ಹೊಟ್ಟೆಯ ವಿಷಯ ಕುಂಞಿಯವರು ಏನೂ ಹೇಳಿರಲಿಲ್ಲ, ಅವರು ಕಡ್ಡಿಯ ಹಾಗಿದ್ದ ಮನುಷ್ಯ. ಸೇಸಮ್ಮ ತಮ್ಮದನ್ನು ಆಗಲೇ ಹಾಕಿ ಆಗಿತ್ತು. ಪಕ್ಕಕ್ಕೆ ಬಾಗಿ ಅವನ ಬೆಲ್ಟಿನ ಪಟ್ಟಿಯನ್ನು ಒಂದು ಸಲ ಎಳೆದು ಉದ್ದ ಮಾಡಿ, ಟಿಕ್ ಎಂದು ಸಿಕ್ಕಿಸಿದರು.

ಯಂತ್ರ ಗರ್ಜಿಸಿತು. ವಿಮಾನ ಓಡತೊಡಗಿದಾಗ ಮೇಲಿನ ಸಾಮಾನಿನ ಮುಚ್ಚಳಗಳೆಲ್ಲ ಹಲ್ಲು ಕಡಿದ ಹಾಗೆ ಕಟಕಟ ಎಂದವು. ಓದಿದವರು ಇಂತಹ ಹೊತ್ತಿನಲ್ಲಿ ಹೆದರುವುದು ಸುಮ್ಮಸುಮ್ಮನೆ. ಹಳೆಯ ಗಾಡಿಗಳನ್ನೇ ಮೂವತ್ತು ವರ್ಷ ಓಡಿಸಿದವನು ಹೆದರುವುದು ಕಾರಣ ಇಟ್ಟುಕೊಂಡು. ಆ ಸದ್ದು ಬೋಲ್ಟಿನದು, ಈ ಕಿರಿಕಿರಿ ಬೇರಿಂಗಿನದು, ಇದು ಏನು ಅಂತ ಗೊತ್ತಿಲ್ಲ, ಅದೇ ದೊಡ್ಡ ಹೆದರಿಕೆ. ನೆಲ ಕಾಲಡಿಯಿಂದ ಜಾರಿತು. ಬಾವಾ ಕಣ್ಣು ಮುಚ್ಚಿ ಬಿಸ್ಮಿಲ್ಲಾ ಎಂದ. ಪಕ್ಕದಲ್ಲಿ ಸೇಸಮ್ಮ ತಮ್ಮ ಮನೆಯ ದೈವದ ಹೆಸರು ಹೇಳಿದರು. ಅವನ ಕಿವಿ ಎರಡೂ ಮುಚ್ಚಿಹೋದವು. ಪೆಪ್ಪರ್‌ಮಿಂಟು ಜೇಬಿನಲ್ಲಿತ್ತು, ಆದರೆ ಕೈ ಸೀಟು ಬಿಡಲು ಒಪ್ಪಲಿಲ್ಲ.

ಬಾಯಿಗೆ ಏನೋ ತಣ್ಣಗೆ ತಾಗಿತು. ಸೇಸಮ್ಮ ಅವನ ಜೇಬಿನಿಂದಲೇ ತೆಗೆದ ಪೆಪ್ಪರ್‌ಮಿಂಟು ಹಿಡಿದಿದ್ದರು.

"ಎಂಜಲು ನುಂಗು ಬಾವಾ" ಎಂದರು, ಪಾಠ ಒಪ್ಪಿಸುವ ದನಿಯಲ್ಲಿ. "ರೆಕ್ಕೆ ಅಲ್ಲಾಡ್ತಾ ಉಂಟು, ನಾನು ನೋಡಿದೆ. ಅಲ್ಲಾಡಲೇ ಬೇಕಲ್ಲವಾ? ಇನ್ನು ಆ ಹುಡುಗಿಯ ಮುಖ ನೋಡು."

ಬಾವಾ ಒಂದು ಕಣ್ಣು ತೆರೆದ. ಎದುರಿನ ಮಡಚುವ ಸೀಟಿನಲ್ಲಿ ಕುಳಿತ ಆ ಹುಡುಗಿ ನಗುತ್ತಿರಲಿಲ್ಲ.

"ಅವಳು ಆಕಳಿಸ್ತಾ ಇದ್ದಾಳೆ, ಸೇಸಮ್ಮಕ್ಕ" ಎಂದ, ಅಳು ಬಂದವನ ಹಾಗೆ.

"ಆಕಳಿಸ್ತಾಳೆ ಅಂದರೆ ನಗುವುದಕ್ಕಿಂತ ಒಳ್ಳೆಯದು ಮಾರಾಯ. ಅಪಾಯ ಬಂದಾಗ ಯಾರಿಗಾದರೂ ಆಕಳಿಕೆ ಬರ್ತದಾ?"

ಪಾಠದಲ್ಲಿ ಇಲ್ಲದ ಮಾತು. ಆದರೆ ನಿಜ. ಬಾವಾ ಎಂಜಲು ನುಂಗಿದ. ಪಟ್ ಎಂದು ಕಿವಿ ಬಿಟ್ಟಿತು. ಅವನಿಗೆ ಆಶ್ಚರ್ಯವೋ ಆಶ್ಚರ್ಯ. ಮಹಮ್ಮದ್ ಕುಂಞಿ ಹೇಳಿದ್ದು ಸತ್ಯ! ಹದಿನೆಂಟು ವರ್ಷ ತಾನು ಊರಿಗೆಲ್ಲ ಹಂಚಿದ್ದು ಸುಳ್ಳಲ್ಲ! ಆ ಸಂತೋಷಕ್ಕೆ ಅವನು ಎರಡೂ ಕಣ್ಣು ತೆರೆದು ಕಿಟಕಿಯ ಹೊರಗೆ ನೋಡಿದ. ಶಿರಾಡಿಯ ತಿರುವುಗಳು ಯಾವುದೋ ಮೋಡದ ಕೆಳಗೆ ಇದ್ದಿರಬೇಕು. ಸೇಸಮ್ಮ ರೊಟ್ಟಿಯ ಕಟ್ಟು ಬಿಚ್ಚಿ ಅವನಿಗೊಂದು ಕೊಟ್ಟು, ತಾವೊಂದು ತಿಂದರು. ಬಸ್ಸಿನಲ್ಲಿ ಒಂದು ಗುಟುಕು ನೀರು ನಿಲ್ಲದಿದ್ದ ಹೊಟ್ಟೆ ಅದು.

ರೊಟ್ಟಿ ಮುಗಿಯುವ ಹೊತ್ತಿಗೆ ಇಳಿಯುವ ಹೊತ್ತೂ ಬಂತು. ಚಕ್ರ ನೆಲಕ್ಕೆ ಬಡಿದಾಗ ಬಾವಾನ ಬಲಗಾಲು ತಾನಾಗಿಯೇ ಮುಂದಿನ ಸೀಟಿನ ಅಡಿಗೆ ಹೋಗಿ ಬಲವಾಗಿ ಒತ್ತಿತು. ಒತ್ತಿದ, ಒತ್ತಿದ, ಮುಖ ಕೆಂಪಾಗುವಷ್ಟು ಒತ್ತಿದ. ವಿಮಾನ ನಿಧಾನವಾಗಿ ನಿಂತಿತು.

"ನಿಲ್ಲಿಸಿದ್ದು ನೀನಾ?" ಎಂದರು ಸೇಸಮ್ಮ.

ಬಾವಾ ಕಾಲು ಹಿಂದೆ ತೆಗೆದುಕೊಂಡ. ಎಲ್ಲರೂ ಎದ್ದು ಸಾಮಾನು ಇಳಿಸುತ್ತಿದ್ದರು, ಇವರಿಬ್ಬರು ಕುಳಿತೇ ಇದ್ದರು. ಸೇಸಮ್ಮ ಅವನ ಕಡೆ ತಿರುಗಿದರು.

"ಬಾವಾ, ನೀನು ಎಲ್ಲ ಹೇಳಿಕೊಟ್ಟೆ. ನಿನಗೂ ಇದು ಮೊದಲ ಸಲ ಅಂತ ಹೇಳಲಿಲ್ಲ."

"ಯಾರೂ ಕೇಳಲಿಲ್ಲ, ಸೇಸಮ್ಮಕ್ಕ."

"ಈಗ ನಾನು ಕೇಳ್ತಾ ಇದ್ದೇನೆ."

ಬಾವಾ ತಲೆ ತಗ್ಗಿಸಿದ. "ಹೌದು" ಎಂದ. ಹೇಳಿದ್ದೇ ಎದೆಯಿಂದ ಒಂದು ಮೂಟೆ ಇಳಿದ ಹಾಗಾಯಿತು. "ನಿಮಗೆ ಯಾವಾಗ ಗೊತ್ತಾಯಿತು?"

"ಆ ಧರ್ಣಪ್ಪ ಬೊಬ್ಬೆ ಹೊಡೆದದ್ದು ಬೆಂಗಳೂರಿಗೇ ಕೇಳಿಸಿರಬೇಕು. ನನ್ನ ಕಿವಿ ಇನ್ನೂ ಗಟ್ಟಿ ಉಂಟು."

"ಮತ್ತೆ ನೀವು ಹಿಂದೆ ಹೋಗಲಿಲ್ಲ ಯಾಕೆ? ನಾನು ಗೊತ್ತಿದ್ದವನು ಅಂತ ಅಲ್ಲವಾ ನೀವು ಹೊರಟದ್ದು?"

ಸೇಸಮ್ಮ ರೊಟ್ಟಿ ಕಟ್ಟಿದ ಬಟ್ಟೆಯನ್ನು ಮಡಚಿದರು. "ಹೋಗುವ ಅಂತಲೇ ಕಾಲು ತೆಗೆದಿದ್ದೆ. ಆಗ ನಿನ್ನ ಕೈ ನೋಡಿದೆ, ನನ್ನದಕ್ಕಿಂತ ಜಾಸ್ತಿ ನಡುಗ್ತಾ ಇತ್ತು. ಇಷ್ಟು ಹೆದರಿಕೆ ಇಟ್ಟುಕೊಂಡೂ ನನಗೋಸ್ಕರ ಒಳಗೆ ಕಾಲಿಡ್ತಾ ಇದ್ದಾನೆ, ನನ್ನ ಮಗಳ ಒಲೆಗೆ ನಾನು ಹೋಗದಿದ್ದರೆ ಹೇಗೆ ಅಂತ ಕಂಡಿತು."

ಬಾವಾನ ಕಣ್ಣು ತುಂಬಿತು. ಅದನ್ನು ಮುಚ್ಚಲು ಅವನು ಬೆಲ್ಟಿನ ಜೊತೆ ಗುದ್ದಾಡತೊಡಗಿದ.

ಹೊರಗೆ ಪ್ರೇಮಾವತಿ ಅಮ್ಮನನ್ನು ಅಪ್ಪಿಕೊಂಡು ಅತ್ತು, ಆಮೇಲೆ ಕಣ್ಣೊರೆಸಿಕೊಂಡು, "ಬಾವಾಕ, ಅಮ್ಮ ತುಂಬ ಹೆದರಿದರಾ?" ಎಂದು ಕೇಳಿದಳು. ಬಾವಾ ಉತ್ತರಿಸುವ ಮೊದಲೇ ಸೇಸಮ್ಮ, "ಬಾವಾ ಇದ್ದ ಮೇಲೆ ಹೆದರಿಕೆ ಎಂತದ್ದು" ಎಂದುಬಿಟ್ಟರು. ಮರುದಿನ ಬೆಳಿಗ್ಗೆ ಅವರ ಕೈಯಿಂದಲೇ ಒಲೆ ಹತ್ತಿತು, ಹಾಲು ಉಕ್ಕಿತು. ಬಾವಾ ಎರಡು ಲೋಟ ಚಹಾ ಕುಡಿದು ಬಸ್ಸು ಹತ್ತಿದ. ಹೊರಡುವಾಗ ಸೇಸಮ್ಮ ಚೀಲದಿಂದ ಒಂದು ಚೀಟಿ ತೆಗೆದು ಅವನ ಜೇಬಿಗೆ ತುರುಕಿದರು. "ನನ್ನದು ನನ್ನ ಹತ್ತಿರ ಇರಲಿ. ಇದು ನಿನ್ನದು" ಎಂದರು.

ಗುಟ್ಟು ಅಲ್ಲಿಗೇ ಉಳಿಯಿತು. ಸೇಸಮ್ಮ ಊರಲ್ಲಿ ಯಾರಿಗೂ ಹೇಳಲಿಲ್ಲ. ಬಾವಾನ ಪಾಠವೂ ನಿಲ್ಲಲಿಲ್ಲ, ಬದಲಿಗೆ ದನಿಗೆ ಇನ್ನೊಂದಿಷ್ಟು ಗತ್ತು ಬಂತು. ಬೀಪಾತುಮ್ಮನಿಗೆ ಮಾತ್ರ ಅವನು ಎಲ್ಲ ಹೇಳಿದ. ಅವಳು "ಮಿಲ್ಕ್ ಬಾಯ್ಲಿಂಗ್, ಹೆಲ್ಪರ್" ಎಂದು ಹೇಳಿ ಹೇಳಿ ಒಂದು ವಾರ ನಕ್ಕಳು.

ಮರುವರ್ಷ ನವೆಂಬರಿನಲ್ಲಿ ಉಸ್ಮಾನ್ ಓಮ್ನಿ ಹತ್ತಿದ. ತೊಂಬತ್ತರಲ್ಲಿ ನಡುಗುತ್ತಾ ಹೋಗಿದ್ದ ಆ ಹುಡುಗನೇ. ಈಗ ತಲೆ ಅರ್ಧ ನರೆತಿತ್ತು. ಈ ಸಲ ಹೋಗುವವನು ಅವನಲ್ಲ, ಅವನ ಮಗಳು ಜಸ್ನಾ. ಮದುವೆಯಾಗಿ ಮೂರು ತಿಂಗಳು, ದುಬೈಯಲ್ಲಿರುವ ಗಂಡ ಫಾಝಿಲ್‌ನ ಹತ್ತಿರ ಒಬ್ಬಳೇ ಹೊರಟಿದ್ದಳು. ಪೊಳಲಿ ದಾಟಿದರೂ ಹಿಂದಿನ ಸೀಟಿನಲ್ಲಿ ಅವಳ ಅಳು ನಿಂತಿರಲಿಲ್ಲ. ಬಾವಾ ಪಾಠ ಹೇಳಿದ. ಕಿವಿ, ರೆಕ್ಕೆ, ಹುಡುಗಿಯ ಮುಖ. ಜಸ್ನಾ ತಲೆ ಎತ್ತಲಿಲ್ಲ. ಇಂತಹದ್ದು ಹಿಂದೆ ಆಗಿರಲಿಲ್ಲ.

ಕೈಕಂಬದಲ್ಲಿ ಗಾಡಿ ನಿಂತಾಗ ಮುಂದೆ ಕುಳಿತಿದ್ದ ಉಸ್ಮಾನ್, ಖಾಲಿ ಚೀಟಿ ತೆಗೆದುಕೊಡಲು ಡ್ಯಾಶ್‌ಬೋರ್ಡಿನ ಪೆಟ್ಟಿಗೆಗೆ ಕೈ ಹಾಕಿದ. ಕೈಗೆ ಬಂದದ್ದು ತುಂಬಿಸಿದ ಒಂದು ಚೀಟಿ. ಹುಬ್ಬು ಗಂಟಿಕ್ಕಿ ಓದಿದ. "ಇದೆಂತದ್ದು ಬಾವಾಕ? ನಿಮ್ಮ ಹೆಸರು. ಹೋಗುವ ಊರು ಬೆಂಗಳೂರು. ಬೆಂಗಳೂರಿಗೆ ಈ ಚೀಟಿಯಾ? ಇಸವಿ ಎರಡು ಸಾವಿರದ ಎಂಟು. ಉದ್ದೇಶ..." ಮುಂದೆ ಓದಲಾಗದೆ ಅವನು ನಗತೊಡಗಿದ. ಚೀಟಿ ಹಿಂದಿನ ಸೀಟಿಗೆ ಹೋಯಿತು. ಜಸ್ನಾ ಓದಿದಳು. ಅಳುವಿನ ನಡುವೆಯೇ ಫಕ್ಕನೆ ನಗು ಹೊರಬಂತು.

ಉಸ್ಮಾನನ ನಗು ಮಾತ್ರ ನಡುವೆಯೇ ನಿಂತಿತು. ವಿಮಾನ ಹತ್ತಿ ಅಭ್ಯಾಸ ಇದ್ದವರು ಯಾರೂ ಬೆಂಗಳೂರಿಗೆ ಈ ಚೀಟಿ ತುಂಬಿಸುವುದಿಲ್ಲ. "ಬಾವಾಕ, ಹಾಗಾದರೆ ನೀವು ಮೊದಲು ಹತ್ತಿದ್ದೇ ಆ ವರ್ಷವಾ? ಮತ್ತೆ ತೊಂಬತ್ತರಲ್ಲಿ ನನಗೆ ಹೇಳಿದ್ದು?"

"ಅದು ಮಹಮ್ಮದ್ ಕುಂಞಿ ಹೇಳಿದ್ದು" ಎಂದ ಬಾವಾ, ರಸ್ತೆಯನ್ನೇ ನೋಡುತ್ತಾ. "ಸರಿ ಇತ್ತಲ್ಲ?"

ಉಸ್ಮಾನ್ ಖಾಲಿ ಚೀಟಿಯೊಂದನ್ನು ತೆಗೆದು ಬಾವಾನ ಕೈಗೆ ಕೊಟ್ಟ. ಆಮೇಲೆ, "ಸರಿ ಇತ್ತು ಬಾವಾಕ. ಅದನ್ನೇ ನಂಬಿಕೊಂಡು ಹೋದವನು ನಾನು" ಎಂದ.

ಹಿಂದಿನಿಂದ ಜಸ್ನಾ ಸಣ್ಣ ದನಿಯಲ್ಲಿ ಕೇಳಿದಳು. "ನಿಮಗೆ ಹೆದರಿಕೆ ಆಗಿತ್ತಾ?"

ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಬಾವಾ ಕನ್ನಡಿಯಲ್ಲಿ ನೋಡಲಿಲ್ಲ, ಕುಳಿತಲ್ಲಿಂದ ಪೂರ್ತಿ ಹಿಂದೆ ತಿರುಗಿದ.

"ಸತ್ತೇ ಹೋಗ್ತೇನೆ ಅಂತ ಆಗಿತ್ತು ಮಗಳೇ. ಪಕ್ಕದಲ್ಲಿ ಕೂತ ಅಜ್ಜಿ ಪೆಪ್ಪರ್‌ಮಿಂಟು ಬಾಯಿಗೆ ಹಾಕಿದರು. ಅವರಿಗೂ ಹೆದರಿಕೆ ಇತ್ತು. ನಿನ್ನ ಪಕ್ಕ ಕೂತವರಿಗೂ ಇರ್ತದೆ. ನೀನು ಮೊದಲು ಅವರಿಗೆ ಒಂದು ಕೊಡು."

ಜೇಬಿನಲ್ಲಿದ್ದ ಪೆಪ್ಪರ್‌ಮಿಂಟಿನ ಪೊಟ್ಟಣವನ್ನು ಪೂರ್ತಿ ಅವಳ ಕೈಗೆ ಹಾಕಿದ. ಜಸ್ನಾ ಕಣ್ಣೊರೆಸಿಕೊಂಡಳು. ಬಜ್ಪೆಯಲ್ಲಿ ಪೆಟ್ಟಿಗೆ ಇಳಿಸಿ ಬಾವಾ ಗಾಜಿನ ಬಾಗಿಲ ಹತ್ತಿರ, ಯಾವಾಗಲೂ ನಿಲ್ಲುವಲ್ಲಿಯೇ ನಿಂತ. ಒಳಗೆ ಸಾಲಿನಲ್ಲಿ ಜಸ್ನಾ, ತನ್ನ ಮುಂದೆ ನಿಂತಿದ್ದ ಯಾರೋ ಹೆಂಗಸಿನ ತೋಳು ಮುಟ್ಟಿ, ಪೊಟ್ಟಣ ಬಿಚ್ಚಿ, ಏನನ್ನೋ ಹೇಳಿಕೊಡುತ್ತಿದ್ದಳು.